ಪ್ರೊಸೆಸರ್ ಬದಲಿಸುವ ಮುಂಚೆ ಮಾನಿಟರ್ ನೋಡಿ

"ಗೇಮಿಂಗ್‌ಗೆ ಯಾವ ಪ್ರೊಸೆಸರ್ ಬೆಸ್ಟ್ ಸರ್?" ಕಂಪ್ಯೂಟರ್ ಜೋಡಿಸಿಕೊಡುವ ಕೆಲಸದಲ್ಲಿ ನನಗೆ ಹೆಚ್ಚು ಎದುರಾಗುವ ಪ್ರಶ್ನೆ ಇದು. ಉತ್ತರ ಕೊಡುವ ಮುಂಚೆ ನಾನೂ ಮೂರು ಪ್ರಶ್ನೆ ಕೇಳುತ್ತೇನೆ. ಈಗ ಯಾವ ಮದರ್‌ಬೋರ್ಡ್ ಇದೆ? ಮಾನಿಟರ್ ಎಷ್ಟು ಹರ್ಟ್ಜ್? ಯಾವ ಗೇಮ್ ಆಡುತ್ತೀರಿ? ಮೂರನೆಯದಕ್ಕೆ ಉತ್ತರ ಥಟ್ಟನೆ ಬರುತ್ತದೆ. ಮೊದಲ ಎರಡಕ್ಕೆ ಮನೆಗೆ ಫೋನ್ ಮಾಡಿ, ತಮ್ಮನಿಂದ ಫೋಟೊ ತರಿಸಿಕೊಳ್ಳಬೇಕಾಗುತ್ತದೆ. ಆದರೆ ಯಾವ ಪ್ರೊಸೆಸರ್ ಕೊಳ್ಳಬೇಕು ಅನ್ನುವುದನ್ನು ಹೆಚ್ಚುಕಮ್ಮಿ ನಿರ್ಧರಿಸುವುದು ಆ ಎರಡೇ.

ಗೇಮ್ ಓಡುವಾಗ ಪ್ರೊಸೆಸರ್ ಏನು ಮಾಡುತ್ತದೆ ನೋಡೋಣ. ಗುಂಡು ಯಾರಿಗೆ ತಾಗಿತು, ಶತ್ರು ಎತ್ತ ಓಡಬೇಕು, ಉರುಳಿದ ಡ್ರಮ್ಮು ಎಲ್ಲಿ ನಿಲ್ಲಬೇಕು, ಇದನ್ನೆಲ್ಲ ಅದು ಲೆಕ್ಕ ಹಾಕುತ್ತದೆ. ಆಮೇಲೆ "ಇಷ್ಟನ್ನು ಬಿಡಿಸು" ಅಂತ ಗ್ರಾಫಿಕ್ಸ್ ಕಾರ್ಡ್‌ಗೆ ಹೇಳುತ್ತದೆ. ಪ್ರತಿ ಫ್ರೇಮ್‌ಗೂ ಇದೇ ಕೆಲಸ. 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ತೋರಿಸುವ ಮಾನಿಟರ್ ಇದ್ದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್ ಸಮಯ ಸಿಗುತ್ತದೆ. 144 ಹರ್ಟ್ಜ್ ಆದರೆ ಏಳು ಮಿಲಿಸೆಕೆಂಡ್ ಕೂಡ ಇಲ್ಲ. 240ಕ್ಕೆ ಹೋದರೆ ಬರೀ ನಾಲ್ಕು ಚಿಲ್ಲರೆ. ಅಂದರೆ ಪ್ರೊಸೆಸರ್ ಮೇಲೆ ಒತ್ತಡ ಹಾಕುವುದು ಮುಖ್ಯವಾಗಿ ನಿಮ್ಮ ಹರ್ಟ್ಜ್. ರೆಸಲ್ಯೂಶನ್ (ಒಂದು ಫ್ರೇಮ್‌ನಲ್ಲಿರುವ ಚುಕ್ಕಿಗಳ ಸಂಖ್ಯೆ) ಹೆಚ್ಚಿಸಿದರೆ ಸುಸ್ತಾಗುವುದು ಗ್ರಾಫಿಕ್ಸ್ ಕಾರ್ಡ್.

ಹಾಗಾಗಿ 60 ಹರ್ಟ್ಜ್ ಮಾನಿಟರ್ ಇಟ್ಟುಕೊಂಡು ಎಎಂಡಿ ಕಂಪನಿಯ ದುಬಾರಿ ಗೇಮಿಂಗ್ ಪ್ರೊಸೆಸರ್ ರೈಜನ್ 7 9800ಎಕ್ಸ್3ಡಿ ಕೇಳುವವರಿಗೆ ನಾನು ಮೊದಲು ಮಾನಿಟರ್ ಬದಲಿಸಿ ಅನ್ನುತ್ತೇನೆ. ಯೂಟ್ಯೂಬ್‌ನಲ್ಲಿ ತೋರಿಸುವ ಉದ್ದುದ್ದ ಪಟ್ಟಿಗಳಲ್ಲಿ ಪ್ರೊಸೆಸರ್‌ಗಳ ನಡುವೆ ಭಾರಿ ಅಂತರ ಕಾಣುತ್ತದೆ, ಅಲ್ವಾ? ಆ ಪರೀಕ್ಷೆಗಳನ್ನು ಬೇಕೆಂದೇ 1080ಪಿ ಅನ್ನುವ ಕಡಿಮೆ ರೆಸಲ್ಯೂಶನ್‌ನಲ್ಲಿ, ಆ ಕಾಲದ ಅತಿ ದುಬಾರಿ ಕಾರ್ಡ್ ಹಾಕಿ ಮಾಡುತ್ತಾರೆ. ಪ್ರೊಸೆಸರ್‌ಗಳ ವ್ಯತ್ಯಾಸ ಎದ್ದು ಕಾಣಲಿ ಅಂತ. ಅದು ಸರಿಯಾದ ವಿಧಾನವೇ. ಆದರೆ ನಿಮ್ಮ ಹತ್ತಿರ ಆರ್‌ಟಿಎಕ್ಸ್ 4060ರಂಥ ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಆ ಅಂತರದ ಬಹುಪಾಲು ನಿಮ್ಮ ಮನೆಗೆ ಬರುವುದಿಲ್ಲ.

ಇಲ್ಲಿ ಒಂದು ತಿರುವು ಇದೆ. "ನಾನು 4ಕೆಯಲ್ಲಿ ಆಡುತ್ತೇನೆ, ಪ್ರೊಸೆಸರ್ ಯಾವುದಾದರೂ ನಡೆಯುತ್ತದೆ" ಅನ್ನುವವರಿದ್ದಾರೆ. ಅವರು ಡಿಎಲ್‌ಎಸ್‌ಎಸ್ (ಕಡಿಮೆ ರೆಸಲ್ಯೂಶನ್‌ನಲ್ಲಿ ಬಿಡಿಸಿ ಹಿಗ್ಗಿಸುವ ತಂತ್ರ) ಅನ್ನು ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಇಟ್ಟಿದ್ದರೆ ಕಾರ್ಡ್ ಒಳಗೆ ಬಿಡಿಸುತ್ತಿರುವುದು 1080ಪಿ. ಕಾರ್ಡ್‌ನ ಹೊರೆ ಇಳಿದ ಕೂಡಲೇ ಹಳೆಯ ಪ್ರೊಸೆಸರ್‌ನ ಬಣ್ಣ ಬಯಲಾಗುತ್ತದೆ.

ತಪ್ಪು ನಿಜವಾಗಿ ಪ್ರೊಸೆಸರ್‌ದೇನಾ ಅಂತ ತಿಳಿಯಲು ಒಂದು ಪೈಸೆ ಖರ್ಚಿಲ್ಲ. ಮೊದಲು ವಿ-ಸಿಂಕ್ (ಫ್ರೇಮ್ ರೇಟನ್ನು ಮಾನಿಟರ್‌ಗೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆದು ಫ್ರೇಮ್ ರೇಟ್ ನೋಡಿಕೊಳ್ಳಿ. ಆಮೇಲೆ ಗೇಮ್‌ನ ರೆಸಲ್ಯೂಶನ್ ಅನ್ನು ಒಂದೇ ಸಲ 720ಪಿಗೆ ಇಳಿಸಿ. ಫ್ರೇಮ್ ರೇಟ್ ಜಿಗಿದರೆ ಅಡಚಣೆ ಇದ್ದದ್ದು ಗ್ರಾಫಿಕ್ಸ್ ಕಾರ್ಡ್‌ನಲ್ಲಿ. ಅಲ್ಲೇ ನಿಂತಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡಬೇಕು. ಎಂಎಸ್ಐ ಆಫ್ಟರ್‌ಬರ್ನರ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಆಡುತ್ತಲೇ ಕಾರ್ಡ್‌ನ ಬಳಕೆ ಎಷ್ಟು ಅಂತ ಕಾಣುತ್ತದೆ. ಅದು 97-99 ಪರ್ಸೆಂಟ್‌ನಲ್ಲಿ ಇದ್ದರೆ ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ. 60-70ರಲ್ಲಿ ಹೊಯ್ದಾಡುತ್ತಿದ್ದರೆ ಪ್ರೊಸೆಸರ್ ಅದಕ್ಕೆ ಸಾಕಷ್ಟು ಕೆಲಸ ಕೊಡುತ್ತಿಲ್ಲ ಅಂತ ಅರ್ಥ.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೋರಿಸುವ ಸಿಪಿಯು (ಪ್ರೊಸೆಸರ್) ಶೇಕಡಾವಾರನ್ನು ಮಾತ್ರ ನಂಬಬೇಡಿ. "ಸಿಪಿಯು ಬರೀ 40 ಪರ್ಸೆಂಟ್ ಸರ್, ಅದು ಆರಾಮಾಗಿದೆ" ಅಂತ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದು ಎಲ್ಲ ಥ್ರೆಡ್‌ಗಳ (ಪ್ರೊಸೆಸರ್ ಏಕಕಾಲಕ್ಕೆ ನಡೆಸುವ ಕೆಲಸದ ಸಾಲುಗಳ) ಸರಾಸರಿ. ಗೇಮ್‌ನ ಮುಖ್ಯ ಕೆಲಸ ಒಂದೆರಡು ಥ್ರೆಡ್ ಮೇಲೆ ಬೀಳುತ್ತದೆ. 12 ಥ್ರೆಡ್‌ನ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದು ಏದುಸಿರು ಬಿಡುತ್ತಿದ್ದರೂ ಅದರಿಂದ ಸರಾಸರಿಗೆ ಸೇರುವುದು ಬರೀ ಎಂಟು ಪರ್ಸೆಂಟ್.

ಇನ್ನು ರ‍್ಯಾಮ್. ರೈಜನ್ 5 3600 ಇದ್ದ ಒಬ್ಬ ಹುಡುಗ ವ್ಯಾಲೊರಂಟ್‌ನಲ್ಲಿ ಫ್ರೇಮ್ ಬೀಳುತ್ತದೆ, ಹೊಸ ಪ್ರೊಸೆಸರ್ ಬೇಕು ಅಂತ ಬಂದಿದ್ದ. ಕೇಸ್ ತೆಗೆದು ನೋಡಿದರೆ 16 ಜಿಬಿಯ ಒಂದೇ ಕಡ್ಡಿ, ಮಾಹಿತಿ ಬೇಗ ಹರಿಯಲು ಜೋಡಿ ಇರಬೇಕು. ಅದೂ 3200 ವೇಗದ ಕಡ್ಡಿ 2133ರಲ್ಲಿ ಓಡುತ್ತಿತ್ತು. ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ, ಕಡ್ಡಿಯನ್ನು ಪೂರ್ತಿ ವೇಗಕ್ಕೆ ತರುವ ಎಕ್ಸ್ಎಂಪಿಯನ್ನು ಯಾರೂ ಆನ್ ಮಾಡಿಯೇ ಇರಲಿಲ್ಲ. ಅದನ್ನು ಆನ್ ಮಾಡಿ, ಅಂಥದ್ದೇ ಇನ್ನೊಂದು ಕಡ್ಡಿ ಹಾಕಿ ಕಳಿಸಿದೆ. ಪ್ರೊಸೆಸರ್ ಮಾತು ಮತ್ತೆ ಬರಲಿಲ್ಲ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಪೀಡ್ ಎಷ್ಟು, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎರಡೂ ಕಾಣುತ್ತದೆ. ಈಗಲೇ ಒಮ್ಮೆ ನೋಡಿಬಿಡಿ.

ಇಷ್ಟೆಲ್ಲ ಆದ ಮೇಲೂ ಪ್ರೊಸೆಸರೇ ಬೇಕು ಅನ್ನಿ. ಆಗ ಮೊದಲು ತಲೆಯಿಂದ ತೆಗೆಯಬೇಕಾದದ್ದು "ಐ7 ಅಂದರೆ ಚೆನ್ನಾಗಿರುತ್ತದೆ" ಅನ್ನುವ ನಂಬಿಕೆ. 2017ರ ಆರಂಭದಲ್ಲಿ ಬಂದ ಇಂಟೆಲ್ ಕೋರ್ ಐ7-7700ಕೆ ಆ ಕಾಲದ ರಾಜ. ನಾಲ್ಕು ಕೋರ್ (ಲೆಕ್ಕ ಹಾಕುವ ಘಟಕ), ಎಂಟು ಥ್ರೆಡ್, 4.5 ಗಿಗಾಹರ್ಟ್ಜ್. ಅದಕ್ಕಿಂತ ಐದು ತಲೆಮಾರು ಈಚಿನ ಐ3-12100ರಲ್ಲೂ ನಾಲ್ಕೇ ಕೋರ್, ಎಂಟೇ ಥ್ರೆಡ್, ವೇಗ 4.3 ಮಾತ್ರ. ಆದರೂ ಗೇಮ್‌ನಲ್ಲಿ ಐ3 ಮುಂದೆ ಹೋಗುತ್ತದೆ. ಒಂದು ಹರ್ಟ್ಜ್‌ನಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವುದು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. ಬೇರೆ ಬೇರೆ ತಲೆಮಾರಿನ ಗಿಗಾಹರ್ಟ್ಜ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಸುಮ್ನೆ ಟೈಂ ವೇಸ್ಟ್.

ಕೋರ್ ಲೆಕ್ಕವೂ ಅಷ್ಟೆ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇರುವುದು ಎಎಂಡಿಯ ಎಂಟು ಝೆನ್ 2 ಕೋರ್. ದೊಡ್ಡ ಗೇಮ್‌ಗಳೆಲ್ಲ ಅವನ್ನು ನೋಡಿಕೊಂಡೇ ತಯಾರಾಗುತ್ತವೆ. ಅದಕ್ಕಿಂತ ಹೊಸ ತಲೆಮಾರಿನ ಆರು ಕೋರ್ ಇಂದಿಗೆ ಸಾಕು, ಎಂಟು ಇದ್ದರೆ ನೆಮ್ಮದಿ. 12, 16 ಕೋರ್ ಬೇಕಾಗುವುದು ವಿಡಿಯೊ ರೆಂಡರ್ ಮಾಡುವವರಿಗೆ, ಕೋಡ್ ಕಂಪೈಲ್ ಮಾಡುವವರಿಗೆ.

ಗೇಮ್‌ಗೆ ನಿಜವಾಗಿ ವ್ಯತ್ಯಾಸ ತರುವುದು ಕ್ಯಾಶ್, ಅಂದರೆ ಪ್ರೊಸೆಸರ್ ಒಳಗೇ ಇರುವ ಪುಟ್ಟ ಮೆಮೊರಿ. ರೈಜನ್ 7 5800ಎಕ್ಸ್ ಮತ್ತು 5800ಎಕ್ಸ್3ಡಿ ಇವೆರಡನ್ನು ನೋಡಿ. ಕೋರ್ ಎಂಟೇ, ತಲೆಮಾರು ಒಂದೇ. ಮೊದಲನೆಯದು 4.7 ಗಿಗಾಹರ್ಟ್ಜ್‌ವರೆಗೆ ಹೋಗುತ್ತದೆ, ಎರಡನೆಯದು 4.5ಕ್ಕೇ ನಿಲ್ಲುತ್ತದೆ. ಆದರೆ ಮೊದಲನೆಯದರಲ್ಲಿ 32 ಎಂಬಿ ಎಲ್3 ಕ್ಯಾಶ್ ಇದ್ದರೆ, 2022ರಲ್ಲಿ ಬಂದ ಎರಡನೆಯದರಲ್ಲಿ ಚಿಪ್ ಮೇಲೆ ಇನ್ನೊಂದು ಪದರ ಕೂರಿಸಿ 96 ಎಂಬಿ ಮಾಡಿದ್ದಾರೆ. ಒಗ್ಗರಣೆ ಡಬ್ಬಿ ಒಲೆ ಪಕ್ಕದಲ್ಲೇ ಇದ್ದರೆ ಸಾಸಿವೆಗಾಗಿ ಪ್ರತಿ ಸಲ ಅಟ್ಟ ಹತ್ತಬೇಕಿಲ್ಲವಲ್ಲ, ಹಾಗೆ. ಗೇಮ್‌ಗೆ ಚೂರುಪಾರು ಮಾಹಿತಿ ಪದೇ ಪದೇ ಬೇಕು. ಅದು ರ‍್ಯಾಮ್‌ನಿಂದ ಬರುವವರೆಗೆ ಪ್ರೊಸೆಸರ್ ಕೈಕಟ್ಟಿ ಕೂರಬೇಕು. ಪಕ್ಕದಲ್ಲೇ ಸಿಕ್ಕರೆ ಫ್ರೇಮ್ ಸರಾಗ.

ಲಾಭ ಎಲ್ಲ ಗೇಮ್‌ಗೂ ಒಂದೇ ಥರ ಇರುವುದಿಲ್ಲ. ಫ್ಲೈಟ್ ಸಿಮ್ಯುಲೇಟರ್, ಫ್ಯಾಕ್ಟೋರಿಯೊ, ನೂರಾರು ಪಾತ್ರಗಳು ಒಟ್ಟಿಗೆ ಓಡಾಡುವ ಸ್ಟ್ರಾಟಜಿ ಗೇಮ್‌ಗಳಲ್ಲಿ ಜಾಸ್ತಿ. ಕೆಲವು ಹಳೆಯ ಶೂಟರ್‌ಗಳಲ್ಲಿ ಏನೂ ಇಲ್ಲ ಅನ್ನುವಷ್ಟು ಕಡಿಮೆ. ಸರಾಸರಿ ಫ್ರೇಮ್ ರೇಟ್‌ಗಿಂತ "1 ಪರ್ಸೆಂಟ್ ಲೋ" ಅನ್ನುವ ಅಂಕಿ ನೋಡಿ. ಅತಿ ನಿಧಾನದ ಫ್ರೇಮ್‌ಗಳ ಲೆಕ್ಕ ಅದು. ಸರಾಸರಿ 140 ಇದ್ದು ನಡುನಡುವೆ 45ಕ್ಕೆ ಬಿದ್ದರೆ ಕೈಗೆ ಗೊತ್ತಾಗುವುದು ಆ 45.

ಈಗ ಬೋರ್ಡ್ ವಿಷಯ. ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ.

ಎಎಂಡಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್ ಇದ್ದವರು ಅದೃಷ್ಟವಂತರು. 2017ರ ಬಿ350 ಬೋರ್ಡ್ ಕೂಡ, ಕಂಪನಿ ಹೊಸ ಬಯೋಸ್ ಕೊಟ್ಟಿದ್ದರೆ, ರೈಜನ್ 5000 ಸರಣಿಯನ್ನು ತೆಗೆದುಕೊಳ್ಳುತ್ತದೆ. ರೈಜನ್ 5 1600 ಅಥವಾ 2600 ಇದ್ದ ಜಾಗಕ್ಕೆ 5600 ಕೂರಿಸಿದರೆ ರ‍್ಯಾಮ್, ಬೋರ್ಡ್ ಎಲ್ಲ ಹಳೆಯದೇ. ಒಳ್ಳೆಯ ಕಾರ್ಡೂ ಹೆಚ್ಚು ಹರ್ಟ್ಜ್‌ನ ಮಾನಿಟರೂ ಇದ್ದು 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ನ್ಯಾಯವಾದ ಬೆಲೆಗೆ ಸಿಕ್ಕರೆ ಅದನ್ನೇ ಹಾಕಿಸಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿದೆ. ಇರುವ ಡಿಡಿಆರ್4 ಕಡ್ಡಿಗಳನ್ನು ಉಳಿಸಿಕೊಳ್ಳುವ ದಾರಿಗೆ ಈಗ ಮೊದಲಿಗಿಂತ ಮಹತ್ವ ಜಾಸ್ತಿ.

ಆದರೆ ಬಯೋಸ್ ಅಪ್‌ಡೇಟ್ ಅನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಿ ಮುಗಿಸಿ. ಹೊಸದನ್ನು ಕೂರಿಸಿದ ಮೇಲೆ ನೆನಪಾದರೆ ಸ್ಕ್ರೀನ್ ಕಪ್ಪು, ಹಳೆಯದನ್ನು ಮತ್ತೆ ಹಾಕಬೇಕು. ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಬಾರದು, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಎಎಂ4ರಲ್ಲಿ ಇನ್ನೊಂದು ಬಲೆ ಇದೆ. 5500 ಮತ್ತು 5600 ಹೆಸರಿನಲ್ಲಿ ಅಣ್ಣತಮ್ಮ ಇದ್ದ ಹಾಗಿವೆ. ಒಳಗೆ ಹಾಗಿಲ್ಲ. 5500ರಲ್ಲಿ ಕ್ಯಾಶ್ ಅರ್ಧ, 16 ಎಂಬಿ. ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡುವ ಪಿಸಿಐಇ ಸಂಪರ್ಕ ಕೂಡ 3.0 ಮಾತ್ರ. 5600ಜಿ ಕಥೆಯೂ ಇದೇ. ಆರ್‌ಟಿಎಕ್ಸ್ 4060ರಂತಹ ಕಾರ್ಡ್‌ಗಳು ಆ ಸಂಪರ್ಕದ ಎಂಟೇ ಲೇನ್ (ಮಾಹಿತಿ ಹೋಗುವ ದಾರಿ) ಬಳಸುವುದರಿಂದ 3.0ದಲ್ಲಿ ಸ್ವಲ್ಪ ಪೆಟ್ಟು ಬೀಳಬಹುದು. ಬಿ350, ಬಿ450 ಬೋರ್ಡ್‌ನಲ್ಲಿ ಹೇಗಿದ್ದರೂ ಸಿಗುವುದು 3.0, ಅಲ್ಲಿ ಆ ಚಿಂತೆ ಬೇಡ. ಕ್ಯಾಶ್ ಚಿಂತೆ ಮಾತ್ರ ಎಲ್ಲ ಕಡೆ ಇದೆ.

ಇಂಟೆಲ್ ಕಡೆ ಬೋರ್ಡ್‌ಗಳ ಆಯಸ್ಸು ಕಡಿಮೆ. ಎಲ್‌ಜಿಎ 1151 ಸಾಕೆಟ್‌ನಲ್ಲಂತೂ 6-7ನೇ ತಲೆಮಾರಿಗೆ ಒಂದು ಬೋರ್ಡ್, 8-9ಕ್ಕೆ ಇನ್ನೊಂದು. ಪಿನ್ ಸಂಖ್ಯೆ ಒಂದೇ, ಆದರೆ ಇದು ಅದರಲ್ಲಿ ಓಡುವುದಿಲ್ಲ. ಓಎಲ್ಎಕ್ಸ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 9ನೇ ತಲೆಮಾರಿನದ್ದನ್ನು ಹಳೆಯ ಬೋರ್ಡ್‌ಗೆ ತಂದವರು ಅದನ್ನು ಮತ್ತೆ ಓಎಲ್ಎಕ್ಸ್‌ಗೇ ಹಾಕಬೇಕಾಗುತ್ತದೆ. 7ನೇ ತಲೆಮಾರು ಮತ್ತು ಮೊದಲ ರೈಜನ್ ಇರುವವರಿಗೆ ಮತ್ತೊಂದು ಒತ್ತಡವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಪಟ್ಟಿಯಲ್ಲಿ ಈ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಲ್ಲ.

ಎಲ್‌ಜಿಎ 1700 ಬೋರ್ಡ್ ಇದ್ದರೆ ದಾರಿ ಇದೆ. 12, 13, 14 ಮೂರೂ ತಲೆಮಾರು ಅದರಲ್ಲಿ ಕೂರುತ್ತವೆ. ಐ3-12100ಎಫ್ ಇದ್ದವರು ಐ5-13400ಎಫ್‌ಗೋ 14600ಕೆಗೋ ಹೋಗಬಹುದು. 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳು ಅತಿ ವೋಲ್ಟೇಜ್‌ನಿಂದ ಕ್ರ್ಯಾಶ್ ಆಗುತ್ತಿದ್ದ ಸುದ್ದಿ ಓದಿರುತ್ತೀರಿ. ಇಂಟೆಲ್ 2024ರಲ್ಲಿ ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಮುಂದುವರಿಸಿತು. ಹೊಸದಕ್ಕೆ ಬಯೋಸ್ ಅಪ್‌ಡೇಟ್ ಮಾಡಿಕೊಂಡರೆ ಆಯಿತು. ಸೆಕೆಂಡ್ ಹ್ಯಾಂಡ್ ಐ9-13900ಕೆ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಆಗಲೇ ಆಗಿರುವ ಹಾನಿಯನ್ನು ಆ ತಿದ್ದುಪಡಿ ಸರಿಮಾಡುವುದಿಲ್ಲ. ಹೆಸರಿನ ಕೊನೆಯಲ್ಲಿ ಕೆ ಇರುವ ಪ್ರೊಸೆಸರ್‌ಗಳು ಕರೆಂಟ್ ಎಳೆಯುವುದೂ ಜಾಸ್ತಿ. ಐ7-14700ಕೆ 253 ವಾಟ್‌ವರೆಗೆ ಹೋಗುತ್ತದೆ. ಅಗ್ಗದ ಬೋರ್ಡ್, ಸಣ್ಣ ಕೂಲರ್, ಮೇ ತಿಂಗಳ ರಾಯಚೂರು ಮೂರೂ ಸೇರಿದರೆ ಅದು ಪೂರ್ತಿ ವೇಗದಲ್ಲಿ ಓಡಲಾರದು.

ಬೋರ್ಡೇ ಬದಲಿಸುವುದಾದರೆ ಗೇಮ್‌ಗಾಗಿ ನಾನು ಹೇಳುವುದು ಎಎಂಡಿಯ ಹೊಸ ಸಾಕೆಟ್ ಎಎಂ5. 2024ರ ಅಕ್ಟೋಬರ್‌ನಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 200 ಸರಣಿ ಕರೆಂಟ್ ಕಡಿಮೆ ತಿನ್ನುತ್ತದೆ, ಆದರೆ ಗೇಮ್‌ಗಳಲ್ಲಿ ತನ್ನದೇ 14ನೇ ತಲೆಮಾರಿಗಿಂತ ಹಲವು ಕಡೆ ಹಿಂದೆ ಬಿತ್ತು. ಎಎಂ5ಕ್ಕೆ ಕನಿಷ್ಠ 2027ರವರೆಗೆ ಬೆಂಬಲ ಅಂತ ಎಎಂಡಿ ಹೇಳಿದೆ. ಇವತ್ತು 7500ಎಫ್ ಅಥವಾ 7600 ಹಾಕಿ ಕಾರ್ಡ್‌ಗೆ ದುಡ್ಡು ಉಳಿಸಿಕೊಳ್ಳಿ. ನಾಳೆ ಅದೇ ಬೋರ್ಡ್‌ಗೆ ಎಕ್ಸ್3ಡಿ ತರಬಹುದು. ಇಲ್ಲಿ ಡಿಡಿಆರ್5 ಮಾತ್ರ ಹಿಡಿಸುತ್ತದೆ, ಅದರ ಲೆಕ್ಕ ಮೊದಲೇ ಹಾಕಿಕೊಳ್ಳಿ. ಬಿಸಿಯಾಗಿ 95 ಡಿಗ್ರಿ ತೋರಿಸಿತು ಅಂತ ಗಾಬರಿಯೂ ಬೇಡ. 7600ಎಕ್ಸ್‌ನಂತಹ ಪ್ರೊಸೆಸರ್‌ಗಳನ್ನು ಅಲ್ಲಿವರೆಗೆ ಹೋಗುವಂತೆಯೇ ರೂಪಿಸಿದ್ದಾರೆ.

ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಸರ್ವಿಸ್‌ಗೆ ಹೋದ ದಿನ ಕಂಪ್ಯೂಟರೂ ಮಲಗುತ್ತದೆ. ಅದೇ ಕಂಪ್ಯೂಟರ್‌ನಲ್ಲಿ ಆಫೀಸ್ ಕೆಲಸ ಮಾಡುವವರು ಸ್ವಲ್ಪ ಜಾಸ್ತಿ ಕೊಟ್ಟು ಒಳಗೇ ಗ್ರಾಫಿಕ್ಸ್ ಇರುವುದನ್ನು ತೆಗೆದುಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಬಾಕ್ಸ್ ಇಲ್ಲದ ಟ್ರೇ ಪ್ರೊಸೆಸರ್ ಕಡಿಮೆ ಬೆಲೆಗೆ ಸಿಗುತ್ತದೆ. ಚಿಪ್ ಅದೇ. ಆದರೆ ಸಾಮಾನ್ಯವಾಗಿ ವಾರಂಟಿ ಕಂಪನಿಯದ್ದಲ್ಲ, ಮಾರಿದವರದ್ದು. ಎಷ್ಟು ವರ್ಷ ಅಂತ ಬಿಲ್‌ನಲ್ಲಿ ಬರೆಸಿಕೊಳ್ಳಿ.

ಮನೆಯಲ್ಲೇ ಬದಲಿಸುವ ಎಎಂ4ನವರು ಒಂದು ವಿಷಯ ಗಮನಿಸಿ. ಇಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ಗೆ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚಿದ, ವರ್ಷಗಟ್ಟಲೆ ಒಣಗಿದ ಪೇಸ್ಟ್ ಗೋಂದಿನಂತೆ ಅಂಟಿರುತ್ತದೆ, ಕೂಲರ್ ಎಳೆದರೆ ಪ್ರೊಸೆಸರ್ ಲಾಕ್ ತಪ್ಪಿಸಿಕೊಂಡು ಜೊತೆಯಲ್ಲೇ ಬರುತ್ತದೆ, ಪಿನ್ ಬಾಗುತ್ತದೆ. ಅರ್ಧ ಗಂಟೆ ಗೇಮ್ ಆಡಿ, ಪ್ರೊಸೆಸರ್ ಬೆಚ್ಚಗಾದ ಮೇಲೆ ಪವರ್ ತೆಗೆಯಿರಿ. ಆಮೇಲೆ ಕೂಲರ್ ಅನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲಿಸಿ, ನಂತರ ಎತ್ತಿ.