ವೆಲ್ಡಿಂಗ್ ಮಿಷಿನ್ ಮೇಲೆ ಬರ್ದಿರೋ ಆ 60% ಏನ್ ಹೇಳುತ್ತೆ

ಕಬ್ಬಿನ ಸೀಸನ್ ಶುರುವಾದ್ರೆ ಮಂಡ್ಯದಲ್ಲಿ ನಮ್ ಶೆಡ್ ಮುಂದೆ ಟ್ರೇಲರ್‌ಗಳು ಸಾಲಾಗಿ ನಿಲ್ತವೆ, ಒಂದರದ್ದು ಹುಕ್ ಕಿತ್ತೋಗಿರುತ್ತೆ, ಇನ್ನೊಂದರ ಚಾಸಿ ಬಿರುಕು ಬಿಟ್ಟಿರುತ್ತೆ, ಗದ್ದೆಲಿ ಕಟಾವಿನೋರು ಕಾಯ್ತಾವ್ರೆ ಬೇಗ ಮಾಡ್ಕೊಡಿ ಅಂತಾರೆ. ವೆಲ್ಡಿಂಗ್ ಮಿಷಿನ್ ಸುಡೋದು ಇಂಥ ಅವಸರದಲ್ಲೇ.

ಹೋದ್ ಸೀಸನ್‌ನಲ್ಲಿ ಒಬ್ಬ ಹುಡುಗ ಕಾಯಿಲ್ ಮಿಷಿನ್, ಅಂದ್ರೆ ಒಳಗೆ ತಂತಿ ಸುತ್ತಿರೋ ಹಳೇ ಥರದ್ದು, ತಂದಿದ್ದ. "ಅಣ್ಣಾ, ಸುಮ್ಸುಮ್ನೆ ಆಫ್ ಆಗ್ತಿತ್ತು, ಅದ್ಕೆ ವೈರ್ ಡೈರೆಕ್ಟ್ ಮಾಡ್ದೆ" ಅಂದ. ಬಿಚ್ಚಿ ನೋಡಿದ್ರೆ ಬಿಸಿ ಜಾಸ್ತಿ ಆದಾಗ ಮಿಷಿನ್ ನಿಲ್ಲಿಸೋ ಥರ್ಮಲ್ ಸ್ವಿಚ್‌ನ ಎರಡೂ ವೈರ್ ತಿರುಚಿ ಟೇಪ್ ಸುತ್ತಿದಾನೆ, ವೈಂಡಿಂಗ್ (ಸುತ್ತಿರೋ ತಂತಿ) ಮೇಲಿನ ವಾರ್ನಿಶ್ ಸೀದ ಪಾಕದ ಥರ ಕಪ್ಪಗೆ ಬೊಬ್ಬೆ ಎದ್ದಿದೆ, ಬೆರಳಲ್ಲಿ ಕೆರೆದ್ರೆ ಉದುರುತ್ತೆ. ಸುಮ್ನೆ ಆಫ್ ಆಗ್ತಿರ್ಲಿಲ್ಲ ಕಣಪ್ಪ, ಅದು ನಿನ್ ಮಿಷಿನ್ ಉಳಿಸ್ತಿತ್ತು ಅಂದೆ.

ಮಿಷಿನ್ ಪ್ಲೇಟ್ ಮೇಲೆ 200 ಆಂಪ್ಸ್, 60% ಅಂತಿದ್ರೆ ಅಷ್ಟು ಕರೆಂಟಲ್ಲಿ 10 ನಿಮಿಷದಲ್ಲಿ 6 ನಿಮಿಷ ವೆಲ್ಡಿಂಗ್ ಮಾಡಿ 4 ನಿಮಿಷ ಬಿಡ್ಬೇಕು ಅಂತ. ಆ ಲೆಕ್ಕ ಸಾಮಾನ್ಯವಾಗಿ 40 ಡಿಗ್ರಿಗೆ ಹಾಕಿರೋದು, ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ ಒಳಗೆ ಅದಕ್ಕಿಂತ ಜಾಸ್ತಿನೇ ಇರುತ್ತೆ, ಹಾಗಾಗಿ ಇನ್ನೂ ಸ್ವಲ್ಪ ಬಿಡುವು ಕೊಡಿ. ಕರೆಂಟ್ ಡಬಲ್ ಆದ್ರೆ ವೈಂಡಿಂಗಲ್ಲಿ ಬಿಸಿ ನಾಲ್ಕು ಪಟ್ಟಾಗುತ್ತೆ, ಅದ್ಕೇ ಇದೇ ಮಿಷಿನ್ ಬಿಡುವಿಲ್ದೆ ಓಡ್ಬೇಕು ಅಂದ್ರೆ ಸುಮಾರು 155 ಆಂಪ್ಸ್‌ಗೆ ಇಳಿಸ್ಬೇಕು. 30% ಇರೋ ಮಿಷಿನ್ ಆದ್ರೆ ಬರೀ 110. ಅಂಗಡಿಲಿ ಎಲ್ರೂ 200 ನೋಡ್ತಾರೆ, ಪಕ್ಕದ ಪರ್ಸೆಂಟ್ ನೋಡೋರೇ ಇಲ್ಲ, ನನಗೆ ಸಂಕಟ ಆಗೋದು ಅಲ್ಲೇ.

10 ನಂಬರ್ ರಾಡಿಗೆ, ಅಂದ್ರೆ 3.15 ಎಂಎಂಗೆ, 90ರಿಂದ 130 ಸಾಕು. ಒಬ್ನೇ ಮಾಡ್ತಿದ್ರೆ ರಾಡ್ ಬದಲಾಯ್ಸೋದು, ಬೆಸುಗೆ ಮೇಲೆ ಕೂರೋ ಸ್ಲ್ಯಾಗ್ ಪೊರೆನ ಸುತ್ತಿಗೆಲಿ ಕುಟ್ಟೋದು, ಇದರಲ್ಲೇ ಮಿಷಿನ್ಗೆ ಅರ್ಧ ರೆಸ್ಟ್ ಸಿಕ್ಬಿಡುತ್ತೆ. ಒಬ್ಬ ಕುಟ್ತಿರುವಾಗ ಇನ್ನೊಬ್ಬ ರಾಡ್ ಹಿಡಿಯೋ ಹೋಲ್ಡರ್ ಇಸ್ಕೊಂಡು ಅದಕ್ಕಿಂತ ದಪ್ಪ ಇರೋ 8 ನಂಬರ್ ರಾಡ್ ಹಾಕಿ ಶುರು ಮಾಡ್ತಾನಲ್ಲ, ಅಲ್ಲಿ ಕೆಡೋದು.

ಇನ್ವರ್ಟರ್ ಮಿಷಿನಲ್ಲಿ, ಅಂದ್ರೆ ಎಲೆಕ್ಟ್ರಾನಿಕ್ ಬೋರ್ಡ್ ಇರೋದ್ರಲ್ಲಿ, ಬಿಸಿ ಜಾಸ್ತಿ ಆದ್ರೆ ಹಳದಿ ಲೈಟ್ ಬರುತ್ತೆ, ಆಗ ದಯವಿಟ್ಟು ಮೇನ್ ಸ್ವಿಚ್ ಆಫ್ ಮಾಡ್ಬೇಡಿ, ಫ್ಯಾನ್ ನಿಂತ್ರೆ ಬಿಸಿ ಒಳಗೇ ಕೂರುತ್ತೆ. ಲೈಟ್ ತಾನಾಗೇ ಹೋಗೋವರೆಗೂ ಓಡ್ಲಿ.

ಬೆವರಿಗೆ ಒದ್ದೆಯಾದ ಗ್ಲೌಸ್ ಹಾಕ್ಕೊಂಡು ರಾಡ್ ಬದಲಾಯ್ಸಬೇಡಿ, ರಾಡ್ ತುದಿಲಿ ಆರ್ಕ್ (ಬೆಂಕಿ ಕಿಡಿ) ಇಲ್ದಾಗ ಹೋಲ್ಡರಲ್ಲಿ 60-80 ವೋಲ್ಟ್ ಇರುತ್ತೆ, ಒದ್ದೆ ನೆಲದ ಮೇಲೆ ನಿಂತೋನಿಗೆ ಅಷ್ಟೇ ಸಾಕು ಪ್ರಾಣ ತೆಗೆಯೋಕೆ. ಟ್ರ್ಯಾಕ್ಟರ್‌ಗೆ ವೆಲ್ಡಿಂಗ್ ಮಾಡೋ ಮುಂಚೆ ಬ್ಯಾಟ್ರಿ ವೈರ್ ಬಿಚ್ಚಿ, ಅರ್ತ್ ಕ್ಲಾಂಪನ್ನ ಕೆಲ್ಸದ ಜಾಗದ ಹತ್ರಾನೇ ತುಕ್ಕು ಉಜ್ಜಿ ಹಿಡಿಸಿ. ಕೇಬಲ್ ಸುರುಳಿ ಸುತ್ತಿಟ್ಟು ಓಡಿಸಿದ್ರೆ ಬಿಸಿ ಹೊರಗೆ ಹೋಗಲ್ಲ, ಪೂರ್ತಿ ಬಿಚ್ಚಿ ಹಾಸಿ.