ಬೋಕಿಯ ಮೇಲೆ ಬರೆದ ಹೆಸರು

ಅನುವಾದದ ಕರಡು ತಿದ್ದುವಾಗ ಇಂಗ್ಲಿಷಿನ ‘ಆಸ್ಟ್ರಸೈಜ್’ (ostracize) ಎದುರಾದರೆ ನನ್ನ ಪೆನ್ನು ನಿಲ್ಲುತ್ತದೆ. ಹೆಚ್ಚಿನವರು ‘ಬಹಿಷ್ಕರಿಸು’ ಎಂದು ಬರೆದು ಮುಂದೆ ಹೋಗಿರುತ್ತಾರೆ. ನಿಘಂಟು ಹೇಳುವುದೂ ಅದನ್ನೇ. ಆದರೆ ‘ಬಾಯ್ಕಾಟ್’ಗೂ ಅದೇ ಪದ. ಒಂದೇ ಪುಟದಲ್ಲಿ ಎರಡೂ ಬಂದವೋ, ಫಜೀತಿ.

ಈ ಪದದ ಬೇರು ಗ್ರೀಕಿನ ‘ಆಸ್ಟ್ರಕಾನ್’. ಅಂದರೆ ಒಡೆದ ಮಡಕೆಯ ಚೂರು, ನಮ್ಮ ಬೋಕಿ. ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸಿನಲ್ಲಿ ಅದೇ ಮತಚೀಟಿ. ಯಾರು ಊರಿಗೆ ಅಪಾಯವಾಗುವಷ್ಟು ಬೆಳೆದಿದ್ದಾರೆ ಅನಿಸುತ್ತದೋ ಅವರ ಹೆಸರನ್ನು ಬೋಕಿಯ ಮೇಲೆ ಗೀರಿ ಹಾಕುವುದು. ಕನಿಷ್ಠ 6,000 ಮತ ಬಿದ್ದಿರಬೇಕು. ಅತಿ ಹೆಚ್ಚು ಮತ ಬಿದ್ದು ಸೋತವನು, ಅಥವಾ ‘ಗೆದ್ದವನು’ ಅನ್ನಿ, 10 ದಿನದೊಳಗೆ ಊರು ಬಿಟ್ಟು 10 ವರ್ಷ ಹೊರಗಿರಬೇಕು. ಆರೋಪಪಟ್ಟಿ ಇಲ್ಲ, ವಾದಕ್ಕೆ ಅವಕಾಶವಿಲ್ಲ. ಹಾಗೆಂದು ಆಸ್ತಿ ಮುಟ್ಟುಗೋಲೂ ಇಲ್ಲ, ಮಾನವೂ ಹೋಗುವುದಿಲ್ಲ.

ಅಥೆನ್ಸಿನ ಮುಖಂಡ ಅರಿಸ್ಟೈಡಿಸನ ಕಥೆಯನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುತ್ತಾನೆ. ಓದುಬರಹ ಬಾರದ ಹಳ್ಳಿಗನೊಬ್ಬ ಅವನು ಯಾರೆಂದು ತಿಳಿಯದೆ, ಬೋಕಿ ಅವನ ಕೈಗೇ ಕೊಟ್ಟು ‘ಅರಿಸ್ಟೈಡಿಸ್ ಅಂತ ಬರೆದುಕೊಡು’ ಎಂದನಂತೆ. ‘ಅವನೇನು ಮಾಡಿದ ನಿನಗೆ?’ ಎಂದು ಅರಿಸ್ಟೈಡಿಸ್ ಕೇಳಿದ. ‘ಏನೂ ಇಲ್ಲ, ಎಲ್ಲರೂ ನ್ಯಾಯವಂತ, ನ್ಯಾಯವಂತ ಅನ್ನೋದು ಕೇಳಿ ಕೇಳಿ ಸಾಕಾಗಿದೆ.’ ಅರಿಸ್ಟೈಡಿಸ್ ತುಟಿಪಿಟಕ್ಕೆನ್ನದೆ ತನ್ನ ಹೆಸರು ಬರೆದುಕೊಟ್ಟ. ಕಥೆ ಕಟ್ಟಿದ್ದೂ ಇರಬಹುದು. ಆದರೆ ಬೋಕಿಗಳು ಕಟ್ಟುಕಥೆಯಲ್ಲ: 1937ರಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಬಳಿಯ ಬಾವಿಯೊಂದರಲ್ಲಿ ಇನ್ನೊಬ್ಬ ಮುಖಂಡ ಥೆಮಿಸ್ಟೋಕ್ಲಿಸನ ಹೆಸರಿನವು ಸುಮಾರು 190 ಸಿಕ್ಕವು. ಬರೆದ ಕೈಗಳು ಮಾತ್ರ 14! ಮೊದಲೇ ಬರೆದಿಟ್ಟು ಹಂಚಲು ತಂದದ್ದಿರಬೇಕು. ಚುನಾವಣೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಾಯ್ಕಾಟ್‌ನದು ಬೇರೆ ಜಾತಕ. 1880ರಲ್ಲಿ ಐರ್ಲೆಂಡಿನ ಮೇಯೊದಲ್ಲಿ ಜಮೀನ್ದಾರನ ಏಜೆಂಟನಾಗಿದ್ದ ಚಾರ್ಲ್ಸ್ ಬಾಯ್ಕಾಟನಿಗೆ ಗೇಣಿದಾರರು ಕೂಲಿ, ಅಂಗಡಿ, ಮಾತು ಎಲ್ಲ ನಿಲ್ಲಿಸಿದರು. ನಮ್ಮ ಹಳ್ಳಿಗಳ ಬಹಿಷ್ಕಾರದ ರೀತಿಯೂ ಇದೇ: ಕಿರಾಣಿ ಇಲ್ಲ, ನೀರಿಲ್ಲ, ಮಾತಾಡಿಸಿದವರಿಗೆ ದಂಡ. ಆದ್ದರಿಂದ ‘ಬಹಿಷ್ಕಾರ’ವನ್ನು ನಾನು ಬಾಯ್ಕಾಟಿಗೇ ಬಿಡುತ್ತೇನೆ.

ಅಥೆನ್ಸಿನ ಪದ್ಧತಿಗೆ ‘ಗಡಿಪಾರು’ ಹತ್ತಿರ, ಅಪರಾಧದ ವಾಸನೆಯೊಂದನ್ನು ಬಿಟ್ಟರೆ. ಈಗಿನ ಇಂಗ್ಲಿಷ್‌ನಲ್ಲಾದರೋ ‘ಆಸ್ಟ್ರಸೈಜ್’ಗೆ ಗಡಿಯೂ ಇಲ್ಲ, ಮತವೂ ಇಲ್ಲ, ಜತೆಯಲ್ಲಿದ್ದೇ ದೂರವಿಡುವುದು. ಮೊನ್ನೆಯ ಕರಡಿನಲ್ಲಿ ‘ಸಹಪಾಠಿಗಳು ಅವಳನ್ನು ಬಹಿಷ್ಕರಿಸಿದರು’ ಎಂದಿತ್ತು. ‘ಅವಳನ್ನು ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ’ ಎಂದು ತಿದ್ದಿದೆ.