ಪತ್ರಕರ್ತರಿಗೆ ಕಂಪನಿ ದಾಖಲೆ ಪುಕ್ಕಟೆ ಸಿಗುತ್ತದೆಯೇ?

ಧಾರವಾಡದಲ್ಲಿ ಪತ್ರಿಕೋದ್ಯಮ ಓದುವ ನಮಗೆ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಚಿಕ್ಕದು: ಇಲ್ಲ. 2013ರ ಕಂಪನಿ ಕಾಯ್ದೆಯ 399ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ದಾಖಲೆ ನೋಡಬಹುದು. ಆ 'ಯಾರು ಬೇಕಾದರೂ' ಒಳಗೇ ಪತ್ರಕರ್ತರೂ ಬಂದರು, ವಕೀಲರೂ ಬಂದರು. ನಮಗೆ ಬೇರೆ ಸಾಲು ಇಲ್ಲ.

ಕೇಂದ್ರದ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ಒಂದು ಕಂಪನಿಯ ಕಡತ ನೋಡಲು 100 ರೂಪಾಯಿ. ದೃಢೀಕರಿಸಿದ ಪ್ರತಿ ಬೇಕಿದ್ದರೆ ಪುಟಕ್ಕೆ 25. ಜಾಸ್ತಿಯೇನಲ್ಲ ಅನಿಸುತ್ತದೆ, ಅಲ್ವಾ? ಆದರೆ ಒಬ್ಬ ಗುತ್ತಿಗೆದಾರನ ಬೆನ್ನು ಹತ್ತಿದರೆ ಅವನ ಕಂಪನಿ, ಹೆಂಡತಿ ನಿರ್ದೇಶಕಿಯಾಗಿರುವ ಕಂಪನಿ, ಅದರಲ್ಲಿ ಷೇರು ಹೊಂದಿರುವ ಇನ್ನೊಂದು ಕಂಪನಿ, ಹೀಗೆ ಬೆಳೆಯುತ್ತಲೇ ಹೋಗುತ್ತದೆ. ಸುದ್ದಿಗಿಷ್ಟು ಎಂದು ದುಡ್ಡು ಪಡೆಯುವ ತಾಲ್ಲೂಕು ವರದಿಗಾರ ಅದನ್ನು ತನ್ನ ಜೇಬಿನಿಂದಲೇ ಕಟ್ಟಬೇಕು.

ಆರ್‌ಟಿಐ ಹಾಕಿದರೆ ಆಗಲ್ವಾ?

ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ. ಕಂಪನಿಗಳು ಈ ದಾಖಲೆ ಸಲ್ಲಿಸುವ ಕಂಪನಿ ರಿಜಿಸ್ಟ್ರಾರ್ ಸರ್ಕಾರಿ ಕಚೇರಿ. ಆರ್‌ಟಿಐ ಅರ್ಜಿಗೆ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಮೇಲಾಗಿ ಆರ್‌ಟಿಐ ಕಾಯ್ದೆಯ 22ನೇ ಸೆಕ್ಷನ್, ಬೇರೆ ಕಾನೂನು ಅಡ್ಡ ಬಂದರೆ ನನ್ನದೇ ಮೇಲು ಎನ್ನುತ್ತದೆ. ಹಾಗಾದರೆ 100 ಯಾಕೆ ಕಟ್ಟಬೇಕು?

2012ರಲ್ಲಿ ದೆಹಲಿ ಹೈಕೋರ್ಟ್ ಈ ದಾರಿ ಮುಚ್ಚಿತು. ಆಗ ಇದ್ದದ್ದು 1956ರ ಕಂಪನಿ ಕಾಯ್ದೆಯ 610ನೇ ಸೆಕ್ಷನ್, ಇಂದಿನ 399ರ ಅಣ್ಣ. ಕೋರ್ಟ್ ಹೇಳಿದ್ದನ್ನು ನಿಧಾನವಾಗಿ ಬಿಡಿಸಿಕೊಳ್ಳೋಣ. 22ನೇ ಸೆಕ್ಷನ್ ಕೆಲಸಕ್ಕೆ ಬರಬೇಕಾದರೆ ಎರಡು ಕಾನೂನುಗಳ ನಡುವೆ ವಿರೋಧ ಇರಬೇಕು. ಒಂದು 'ಕೊಡು' ಅಂದು, ಇನ್ನೊಂದು 'ಕೊಡಬೇಡ' ಅಂದರೆ ವಿರೋಧ. ಇಲ್ಲಿ ಎರಡೂ 'ಕೊಡು' ಎನ್ನುತ್ತವೆ, ದರ ಮಾತ್ರ ಬೇರೆ. ದರದ ವ್ಯತ್ಯಾಸ ವಿರೋಧವಲ್ಲ. ಆದ್ದರಿಂದ ಆಗಲೇ ಇರುವ ದಾರಿಯಲ್ಲೇ, ಅಲ್ಲಿನ ಶುಲ್ಕ ಕಟ್ಟಿಯೇ ಪಡೆಯಬೇಕು.

ಆದರೆ ಇದು ರಿಜಿಸ್ಟ್ರಾರ್ ಕಚೇರಿಯ ಮಾತು, ಕಂಪನಿಯದ್ದಲ್ಲ. ಹೆಸ್ಕಾಂ ಸರ್ಕಾರಿ ಕಂಪನಿ, ಹುಬ್ಬಳ್ಳಿ-ಧಾರವಾಡ ಸ್ಮಾರ್ಟ್ ಸಿಟಿಯೂ ಕಂಪನಿಯೇ. ಇವುಗಳ ಲೆಕ್ಕಪತ್ರವನ್ನು ನೇರ ಅವುಗಳಿಗೇ ಆರ್‌ಟಿಐ ಹಾಕಿ ಕೇಳಬಹುದು. ಖಾಸಗಿ ಕಂಪನಿಗೆ ಈ ದಾರಿ ಇಲ್ಲ. ಅಲ್ಲಿ ಕಂಪನಿ ಕಾಯ್ದೆಯ 94ನೇ ಸೆಕ್ಷನ್ ಹಿಡಿಯಿರಿ: ಷೇರುದಾರರ ರಿಜಿಸ್ಟರ್ ಅನ್ನು ಹೊರಗಿನವರೂ ಕಂಪನಿಗೇ ಹೋಗಿ ನೋಡಬಹುದು. ಶುಲ್ಕ ಹೆಚ್ಚೆಂದರೆ 50 ರೂಪಾಯಿ. ಆದರೆ ನೀವು ಹುಡುಕುತ್ತಿರುವುದು ಅವರಿಗೆ ಗೊತ್ತಾಗಿಬಿಡುತ್ತದೆ.

ಹಣ ಕಟ್ಟುವ ಮುಂಚೆ

ಪೋರ್ಟಲ್‌ನಲ್ಲಿ ಖಾತೆ ತೆರೆದರೆ ಮಾಸ್ಟರ್ ಡೇಟಾ ಪುಕ್ಕಟೆ: ವಿಳಾಸ, ಬಂಡವಾಳ, ನಿರ್ದೇಶಕರು. ಅದಕ್ಕೂ ಮೊದಲು 21 ಅಕ್ಷರ-ಅಂಕಿಗಳ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ) ಓದಿ. ಮೊದಲು 'ಎಲ್' ಇದ್ದರೆ ಷೇರು ಮಾರುಕಟ್ಟೆಯಲ್ಲಿರುವ ಕಂಪನಿ, 'ಯು' ಇದ್ದರೆ ಇಲ್ಲ. ನಂತರ ಐದು ಅಂಕಿಗಳ ಉದ್ಯಮ ಸಂಕೇತ, ಆಮೇಲೆ ರಾಜ್ಯ, ಹುಟ್ಟಿದ ವರ್ಷ. ಅದರ ಪಕ್ಕ 'ಪಿಟಿಸಿ' ಎಂದರೆ ಪ್ರೈವೇಟ್, 'ಎಸ್‌ಜಿಸಿ' ಎಂದರೆ ರಾಜ್ಯ ಸರ್ಕಾರದ್ದು. ಹತ್ತು ವರ್ಷದ ಅನುಭವ ತೋರಿಸಿ ಟೆಂಡರ್ ಪಡೆದ ಕಂಪನಿಯ ಸಿಐಎನ್‌ನಲ್ಲಿ ಹೋದ ವರ್ಷ ಇದ್ದರೆ? ಕೇಳಬೇಕಾದ ಪ್ರಶ್ನೆ ಪುಕ್ಕಟೆ ಸಿಕ್ಕಿತು.

ಹಣ ಕಟ್ಟಿದ ಮೇಲೆ ಎಂಜಿಟಿ-7 (ವಾರ್ಷಿಕ ವಿವರ) ಮತ್ತು ಎಓಸಿ-4 (ಲೆಕ್ಕಪತ್ರ) ಮೊದಲು ಇಳಿಸಿಕೊಳ್ಳಿ.

ಬ್ರಿಟನ್ 2015ರಲ್ಲಿ, ಜರ್ಮನಿ 2022ರಲ್ಲಿ ಆನ್‌ಲೈನ್ ದಾಖಲೆಗಳನ್ನು ಎಲ್ಲರಿಗೂ ಪುಕ್ಕಟೆ ಮಾಡಿದವು. ನನಗೆ ಅದೇ ಸರಿ ಅನಿಸುತ್ತದೆ. ಪತ್ರಕರ್ತರಿಗಷ್ಟೇ ವಿನಾಯಿತಿ ಎಂದರೆ ಮಾನ್ಯತಾ ಕಾರ್ಡ್ ಕೇಳುತ್ತಾರೆ, ಬಿಡಿ ವರದಿಗಾರರು ಮತ್ತೆ ಹೊರಗೆ.

ಇನ್ನೊಂದು: ಎಲ್ಲವೂ ಈ ರಿಜಿಸ್ಟರ್‌ನಲ್ಲಿ ಇರುವುದಿಲ್ಲ. ವಾಯವ್ಯ ಸಾರಿಗೆ ನಿಗಮ ಕಂಪನಿಯಲ್ಲ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಶುರುವಾದಂಥ ಸಹಕಾರಿ ಸಂಘಗಳಿಗೆ ಸಹಕಾರ ಇಲಾಖೆ. ಬ್ಯಾಡಗಿಯ ದಲಾಲಿ ಅಂಗಡಿ ಪಾಲುದಾರಿಕೆಯದ್ದಾಗಿದ್ದರೆ, ನೋಂದಾಯಿಸಿದ್ದರೆ ಮಾತ್ರ, ರಾಜ್ಯದ ಫರ್ಮ್ಸ್ ರಿಜಿಸ್ಟ್ರಾರ್ ಬಳಿ ಸಿಗುತ್ತದೆ.